ರಸ್ತೆಯಾಚೆಯಿಂದ ಕಾಣುವ ಹೆಸರು

ಡ್ಯಾನ್ಯೂಬ್ ನದಿಯ ದಡದ ನಮ್ಮ ಲೋಮ್ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಸುದ್ದಿ ಬಾಯಿಂದ ಬಾಯಿಗೆ ಹೋಗುವುದಕ್ಕಿಂತ ಮುಂಚೆ ಗೋಡೆಗೆ ಹೋಗುತ್ತದೆ. ಸತ್ತವರ ಮನೆಯ ಬಾಗಿಲು, ಬಸ್ ನಿಲ್ದಾಣದ ಗಾಜು, ಬ್ರೆಡ್ ಅಂಗಡಿಯ ಮುಂದಿನ ಮರ, ಎಲ್ಲ ಕಡೆಯೂ ಕಪ್ಪು ಅಂಚಿನ ಒಂದು ಹಾಳೆ ಅಂಟಿಕೊಳ್ಳುತ್ತದೆ. ಮೇಲೊಂದು ಶಿಲುಬೆ, ಕೆಳಗೆ ಫೋಟೋ, ಹೆಸರು, ವಯಸ್ಸು, ಮಣ್ಣು ಮಾಡುವ ಹೊತ್ತು, ಕೊನೆಗೊಂದು ಪದ್ಯ. ನಲವತ್ತನೆಯ ದಿನಕ್ಕೆ, ಆರು ತಿಂಗಳಿಗೆ, ವರ್ಷಕ್ಕೆ ಮತ್ತೆ ಹೊಸ ಹಾಳೆ. ಬದುಕಿದ್ದಾಗ ಒಂದು ಸಲವೂ ಪೇಪರಿನಲ್ಲಿ ಬಾರದವರು ಕೂಡ ಸತ್ತ ಮೇಲೆ ಹಲವು ಸಲ ಬೀದಿಯಲ್ಲಿ ಕಾಣಿಸಿಕೊಳ್ಳುತ್ತಾರೆ.

ಈ ಹಾಳೆಗಳನ್ನು ಮಾಡಿಕೊಡುವವಳು ಗೆನೊವೇವಾ ತ್ಸೊಲೊವಾ. ಊರಿಗೆಲ್ಲ ವೇವಾ. ಅವಳ ಅಂಗಡಿಯ ಗೋಡೆಗೆ ಒರಗಿಕೊಂಡೇ ನನ್ನ ಹೂವಿನಂಗಡಿ ಇದೆ. ಅವಳಲ್ಲಿ ಹಾಳೆ ಮಾಡಿಸಿದವರು ಕಣ್ಣೊರೆಸಿಕೊಳ್ಳುತ್ತ ನನ್ನಲ್ಲಿಗೆ ಬಂದು ಸತ್ತವರಿಗೆ ಮಾತ್ರ ಕೊಡುವ ಸಮಸಂಖ್ಯೆಯ ಹೂ ಕಟ್ಟಿಸಿಕೊಂಡು ಹೋಗುತ್ತಾರೆ. "ನಮ್ಮಿಬ್ಬರದೂ ಒಂದೇ ಕಸುಬು ಕಣೇ ದೋನ್ಕಾ, ನಿನ್ನದು ಬಿಸಿಲಿಗೆ ಬಾಡುತ್ತೆ, ನನ್ನದು ಮಳೆಗೆ ನೆನೆಯುತ್ತೆ" ಎಂದು ಅವಳು ನಗುತ್ತಿದ್ದಳು.

ವೇವಾ ಮೊದಲಿನಿಂದ ಈ ಕಸುಬಿನವಳಲ್ಲ. ಬಂದರಿನ ಪಕ್ಕದಲ್ಲಿ ಹಡಗು ರಿಪೇರಿ ಮಾಡುವ ಕಾರ್ಖಾನೆಯೊಂದಿತ್ತು. ಅದರ ನಕ್ಷೆಯ ಕೋಣೆಯಲ್ಲಿ ಅವಳು ಹುಡುಗಿಯಾಗಿದ್ದಾಗಲೇ ಸೇರಿದಳು. ಯಂತ್ರದ ಭಾಗಗಳ ಚಿತ್ರ ಬರೆಯುವುದು, ಅದರ ಮೇಲೆ ಅಳತೆಗಳನ್ನು ಒಂದೇ ಎತ್ತರದ ಅಕ್ಷರಗಳಲ್ಲಿ ಗುರುತು ಹಾಕುವುದು ಅವಳ ಕೆಲಸ. ಕೊನೆಕೊನೆಗೆ ಅಲ್ಲಿಗೆ ಪೆನ್ನು ಹಿಡಿದು ತಾನೇ ಚಿತ್ರ ಬರೆಯುವ ಯಂತ್ರ ಬಂತು. ಅದಕ್ಕೆ ಹೀಗೆ ಎಳೆ, ಹಾಗೆ ತಿರುಗು, ಇಲ್ಲಿ ಬರೆ ಎಂದು ಸಾಲುಸಾಲಾಗಿ ಅಪ್ಪಣೆ ಬರೆದುಕೊಡಬೇಕು. ಗಂಡಸರು ಅದರ ಹತ್ತಿರ ಸುಳಿಯಲಿಲ್ಲ. ವೇವಾ ಕಲಿತುಕೊಂಡಳು. ಕಾರ್ಖಾನೆ ಮುಚ್ಚಿದಾಗ ಒಬ್ಬೊಬ್ಬರು ಒಂದೊಂದು ಸಾಮಾನು ಹೊತ್ತುಕೊಂಡು ಹೋದರು. ಅವಳು ಬರಿಗೈಯಲ್ಲಿ ಮನೆಗೆ ಬಂದಳು. ಆದರೆ ಕಲಿತದ್ದು ತಲೆಯಲ್ಲಿತ್ತು. ಗಂಡ ಗೆತ್ಸೊ ಸರಕುದೋಣಿಯಲ್ಲಿ ಕೆಲಸಕ್ಕಿದ್ದ. ಡ್ಯಾನ್ಯೂಬಿನ ಮೇಲೆ ಹೋದನೆಂದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಇವಳು ಹಳೆಯ ಕಂಪ್ಯೂಟರೊಂದನ್ನು, ಪ್ರಿಂಟರೊಂದನ್ನು ತಂದು ಸಂತೆಬೀದಿಯ ಮೂಲೆಯಲ್ಲಿ ಅಂಗಡಿ ಇಟ್ಟಳು.

ಶುರುವಿನಲ್ಲಿ ಒಂದೊಂದು ಹಾಳೆಯನ್ನೂ ಕೈಯಾರೆ ಜೋಡಿಸುತ್ತಿದ್ದಳು. ಫೋಟೋ ಅಲ್ಲಾಡಿದರೆ ಹೆಸರು ಜಾರುವುದು, ಹೆಸರು ಸರಿಮಾಡಿದರೆ ಅಂಚು ಕೆಡುವುದು. ಅಷ್ಟು ಹೊತ್ತೂ ದುಃಖದಲ್ಲಿರುವವರು ಎದುರಿಗೆ ನಿಂತಿರಬೇಕು. "ಅಳೋರನ್ನ ಕಾಯಿಸಬಾರ್ದು ಕಣೇ" ಎಂದು ಅವಳೇ ಕೂತು ಒಂದು ಪ್ರೋಗ್ರಾಂ ಬರೆದಳು. ಹೆಸರು, ವಯಸ್ಸು, ಹೊತ್ತು, ಫೋಟೋ ಕೊಟ್ಟರೆ ಸಾಕು, ಅದು ತಾನೇ ಹಾಳೆಯನ್ನು ಬರೆದು ಮುಗಿಸುತ್ತಿತ್ತು. ಜನ ಒಂದು ಲೋಟ ನೀರು ಕುಡಿಯುವುದರೊಳಗೆ ಹಾಳೆ ಕೈಗೆ ಬರುತ್ತಿತ್ತು.

ಆ ಪ್ರೋಗ್ರಾಮಿಗೆ ಅವಳು ಒಂದು ನಿಯಮ ಹೇಳಿಕೊಟ್ಟಿದ್ದಳು. ಹೆಸರು ಒಂದೇ ಸಾಲಿನಲ್ಲಿ ಚೌಕಟ್ಟಿನೊಳಗೆ ಕೂರಬೇಕು, ಕೂರದಿದ್ದರೆ ಕೂರುವವರೆಗೂ ಅಕ್ಷರವನ್ನು ಕುಗ್ಗಿಸು ಎಂದು. ನಮ್ಮೂರಿನ ಹೆಸರುಗಳು ಹೆಚ್ಚಾಗಿ ಗಿಡ್ಡ. ತನ್ನದು, ತಂದೆಯದು, ಮನೆತನದ್ದು ಎಂದು ಮೂರು ಹೆಸರು ಸೇರಿದರೂ ಸಲೀಸಾಗಿ ಕೂರುತ್ತಿದ್ದವು. ವರ್ಷಗಟ್ಟಲೆ ಯಾರಿಗೂ ಏನೂ ತೊಂದರೆ ಕಾಣಲಿಲ್ಲ.

ಒಂದು ಫೆಬ್ರವರಿಯಲ್ಲಿ ಆಸ್ಪತ್ರೆಯ ನರ್ಸ್ ಆಗಿ ನಿವೃತ್ತಳಾಗಿದ್ದ ಅಲೆಕ್ಸಾಂದ್ರಿನಾ ತೀರಿಕೊಂಡಳು. ಪೂರ್ತಿ ಹೆಸರು ಅಲೆಕ್ಸಾಂದ್ರಿನಾ ಪಾಂತೆಲೇಮೊನೊವಾ ಹಾಜಿಕೊನ್ಸ್ತಾಂತಿನೊವಾ. ತಂಗಿ ದೆಸ್ಪೀನಾ ಬಂದು ಹಾಳೆ ಮಾಡಿಸಿದಳು. ಅವಳಿಗೆ ಕಣ್ಣೀರಿನಲ್ಲಿ ಏನೂ ಕಾಣುತ್ತಿರಲಿಲ್ಲ. ವೇವಾಳೂ ಸರಿಯಾಗಿ ನೋಡಲಿಲ್ಲ. ಯಂತ್ರ ಮಾಡಿದ್ದು ಎಂದಮೇಲೆ ಸರಿಯೇ ಇರುತ್ತದೆ ಎಂಬ ನಂಬಿಕೆ. ಮಣ್ಣು ಮಾಡುವ ದಿನ ನದಿಯಿಂದ ಎದ್ದ ಮಂಜು ಊರನ್ನೆಲ್ಲ ಮುಚ್ಚಿತ್ತು. ಸ್ಮಶಾನದಲ್ಲಿ ದೆಸ್ಪೀನಾ, ವಿದಿನ್‌ನಿಂದ ಬಂದಿದ್ದ ನೆಂಟನೊಬ್ಬ, ಪಾದ್ರಿ, ಗುಂಡಿ ತೋಡಿದವರು, ಹೂ ತಂದಿದ್ದ ನಾನು, ಇಷ್ಟೇ ಜನ. ಮಂಜಿಗೆ ಹೆದರಿ ಯಾರೂ ಬರಲಿಲ್ಲವೇನೋ ಎಂದುಕೊಂಡೆ.

ಅದಾಗಿ ವಾರವೋ ಹತ್ತು ದಿನವೋ ಕಳೆದಿರಬೇಕು. ದೆಸ್ಪೀನಾ ಮರದಿಂದ ಕಿತ್ತ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ವೇವಾಳ ಅಂಗಡಿಗೆ ನುಗ್ಗಿದಳು. ನಾನು ಬಾಗಿಲಲ್ಲೇ ಇದ್ದೆ.

"ಇದನ್ನ ಓದು."

ವೇವಾ ಕನ್ನಡಕ ಹಾಕಿಕೊಂಡಳು. "ಏನಾಯ್ತು ದೆಸ್ಪೀನಕ್ಕ? ಅಕ್ಷರ ತಪ್ಪಿದೆಯಾ?"

"ಇಲ್ಲಿಂದಲ್ಲ. ರಸ್ತೆ ದಾಟಿ ಆ ಕಡೆ ನಿಂತ್ಕೊಂಡು ಓದು."

ವೇವಾ ರಸ್ತೆ ದಾಟಿದಳು. ದೆಸ್ಪೀನಾ ಹಾಳೆಯನ್ನು ಎದೆಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಸಂತೆಗೆ ಬಂದವರು ತಿರುಗಿ ನೋಡತೊಡಗಿದರು.

"ಏನು ಕಾಣುತ್ತೆ? ಜೋರಾಗಿ ಹೇಳು!"

"ಶಿಲುಬೆ ಕಾಣುತ್ತೆ. 'ದುಃಖದ ಸುದ್ದಿ' ಅಂತ ಕಾಣುತ್ತೆ. ಫೋಟೋಲಿ ಯಾರೋ ಹೆಂಗಸು ಅಂತ ಕಾಣುತ್ತೆ. ಎಪ್ಪತ್ತೊಂಬತ್ತು ವರ್ಷ ಅಂತ ಕಾಣುತ್ತೆ."

"ಹೆಸರು?"

ವೇವಾ ಕನ್ನಡಕ ಸರಿಮಾಡಿಕೊಂಡು ಕತ್ತು ಮುಂದಕ್ಕೆ ಚಾಚಿದಳು. ನಾನು ಬಗ್ಗಿ ನೋಡಿದೆ. ಉಳಿದೆಲ್ಲ ಅಕ್ಷರಗಳು ತಮ್ಮ ತಮ್ಮ ಗಾತ್ರದಲ್ಲಿದ್ದವು. ಅಷ್ಟುದ್ದದ ಹೆಸರು ಮಾತ್ರ ಒಂದೇ ಸಾಲಿಗೆ ಕೂರಲೆಂದು ಕುಗ್ಗಿ ಕುಗ್ಗಿ ಇರುವೆಸಾಲಿನ ಹಾಗೆ ಆಗಿತ್ತು.

"ಈ ಊರಿನ ಅರ್ಧಕ್ಕರ್ಧ ಜನಕ್ಕೆ ಸೂಜಿ ಚುಚ್ಚಿದೋಳು ನಮ್ಮಕ್ಕ" ಎಂದಳು ದೆಸ್ಪೀನಾ. "ಮಣ್ಣಿಗೆ ಹೋಗೋವಾಗ ಯಾರೂ ಇಲ್ಲ. ಮಂಜು ಅಂದ್ಕೊಂಡೆ. ಊರಿಗೆ ಮರೆತೇ ಹೋಯ್ತು ಅಂದ್ಕೊಂಡೆ. ನಿನ್ನೆ ಸಂತೇಲಿ ಆ ಮೀನಿನೋಳು ಕೇಳ್ತಾಳೆ, ಅಲೆಕ್ಸಾಂದ್ರಿನಾ ಕಾಲುನೋವು ಹೇಗಿದೆ ಅಂತ. ನಾನೇನು ಹೇಳ್ಲಿ? ಈಗ ನೋವಿಲ್ಲ ಅಂತ ಹೇಳ್ಲಾ?"

ವೇವಾ ವಾಪಸ್ ಬಂದಳು. ಕ್ಷಮಿಸು, ತಪ್ಪಾಯಿತು ಎಂದು ಅವಳು ಗೋಗರೆಯಲಿಲ್ಲ. "ನಲವತ್ತನೇ ದಿನದ ಹಾಳೆಗೆ ಇನ್ನೂ ಹೊತ್ತಿದೆ, ಅದನ್ನ ನಾನು ಮಾಡ್ತೀನಿ" ಎಂದಳು.

"ನಿನ್ನ ಹತ್ರ ಮತ್ತೆ ಬರ್ತೀನಿ ಅಂತ ಯಾರಂದ್ರು?"

"ನಾನಂದೆ. ಕೆಡಿಸಿದೋಳು ನಾನು, ಸರಿಮಾಡೋಳೂ ನಾನೇ. ರಸ್ತೆಯಾಚೆಯಿಂದ ಕಾಣಿಸ್ಲಿಲ್ಲ ಅಂದ್ರೆ ಆ ಹಾಳೇನ ನನ್ನ ಬಾಗಿಲಿಗೇ ಅಂಟಿಸಿ, ವೇವಾಳ ಅಂಗಡಿ ಸತ್ತಿದೆ ಅಂತ ಬರೆದು ಹೋಗು."

ದೆಸ್ಪೀನಾ ಮೂಗೊರೆಸಿಕೊಂಡು ಹೋದಳು. ಆಯಿತು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಮಾರನೆಯ ದಿನದಿಂದಲೇ ವೇವಾ ಪ್ರೋಗ್ರಾಮನ್ನು ಬಿಚ್ಚಿಕೊಂಡು ಕೂತಳು. ಅಕ್ಷರ ಸಣ್ಣದಾಯಿತು ಎಂದರೆ ದೊಡ್ಡದು ಮಾಡಿದರಾಯಿತು, ಅದಕ್ಕೇನು ಮಹಾ ಕಷ್ಟ ಎಂದು ನನಗನ್ನಿಸಿತ್ತು. ಅವಳೂ ಮೊದಲು ಅದನ್ನೇ ಮಾಡಿದಳು. ಕುಗ್ಗಿಸುವ ನಿಯಮವನ್ನು ತೆಗೆದುಹಾಕಿದಳು. ಹಾಳೆ ಹೊರಗೆ ಬಂತು. ಹೆಸರು ಚೌಕಟ್ಟನ್ನು ದಾಟಿ, ಕಪ್ಪು ಅಂಚನ್ನು ತುಳಿದು, "ಹಾಜಿಕೊನ್" ಎಂಬಲ್ಲಿಗೆ ಕಾಗದವೇ ಮುಗಿದುಹೋಗಿತ್ತು.

"ಉಳಿದ ಹೆಸರು ಮರದ ಮೇಲೆ ಬರೀತೀಯಾ?" ಎಂದು ನಾನು ಕೇಳಿದೆ.

"ನಗು, ನಗು. ಹೂ ಮಾರೋರಿಗೆ ಏನು ಗೊತ್ತು."

ಹೆಸರನ್ನು ಮೂರು ಸಾಲು ಮಾಡಲು ಅವಳು ಪ್ರೋಗ್ರಾಮಿಗೆ ಕಲಿಸಿದಳು. ಕುಗ್ಗಿಸಬೇಡ, ಪದ ಮುಗಿದ ಕಡೆ ಮುರಿ ಎಂದು. ಕಂಪ್ಯೂಟರಿನ ಪರದೆಯ ಮೇಲೆ ಅದು ಎಷ್ಟು ಚೆನ್ನಾಗಿ ಕಂಡಿತೆಂದರೆ ನನಗೆ ಕೆಲಸ ಮುಗಿದೇಹೋಯಿತು ಎನ್ನಿಸಿತು. ಅದೇ ವಾರ ಹಳೆಯ ಪ್ರಿಂಟರ್ ಕೆಟ್ಟು ಹೊಸದನ್ನು ತಂದಿದ್ದಳು. ಅದರಲ್ಲಿ ಹಾಕಿದರೆ ಇಡೀ ಹಾಳೆಯ ಅಕ್ಷರಗಳು ಮೊದಲಿನ ಅರ್ಧಕ್ಕೆ ಇಳಿದವು. ಹಾಳೆಯ ಮಧ್ಯದಲ್ಲಿ ಹೆಸರು ಚಳಿಗೆ ಮುದುಡಿದ ಬೆಕ್ಕಿನ ಹಾಗೆ ಕೂತಿತ್ತು. ವೇವಾ ತಲೆಯ ಮೇಲೆ ಕೈಯಿಟ್ಟುಕೊಂಡಳು. ಒಂದು ದಿನವೆಲ್ಲ ಹಳೆಯ ಹಾಳೆಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಅಳೆದಳು. ಸಂಜೆ ನನ್ನ ಅಂಗಡಿಗೆ ಬಂದು ಬಕೆಟ್ ಮಗುಚಿ ಅದರ ಮೇಲೆ ಕೂತಳು.

"ಗೊತ್ತಾಯ್ತು ಕಣೇ. ನಾನು ಅಕ್ಷರದ ಎತ್ತರಾನ ಚುಕ್ಕಿ ಲೆಕ್ಕದಲ್ಲಿ ಹೇಳಿದ್ದೆ. ಹಳೇ ಪ್ರಿಂಟರ್ ಚುಕ್ಕಿ ದಪ್ಪ, ಹೊಸದರ ಚುಕ್ಕಿ ಸಣ್ಣ. ಅಷ್ಟೇ ಚುಕ್ಕಿ ಇಟ್ರೆ ಅಕ್ಷರ ಸಣ್ಣದೇ ಆಗುತ್ತೆ. ಕಾರ್ಖಾನೇಲಿ ಯಾವತ್ತಾದ್ರೂ ಚುಕ್ಕಿಲಿ ಅಳೆದಿದ್ವಾ ನಾವು? ಮಿಲಿಮೀಟರಲ್ಲಿ ಹೇಳಬೇಕಿತ್ತು."

"ಹೇಳು ಮತ್ತೆ."

"ಎಷ್ಟು ಮಿಲಿಮೀಟರು ಅಂತ ಹೇಳ್ಲಿ? ಅದು ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಓದೋರನ್ನೇ ಕೇಳಬೇಕು."

ನಮ್ಮೂರಿನ ಸಾವಿನ ಹಾಳೆಗಳನ್ನು ನಿಷ್ಠೆಯಿಂದ ಓದುವವರು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂರುವ ಮುದುಕಿಯರು. ಬಸ್ಸಿಗೆ ಕಾಯುತ್ತಾರೋ ಹಾಳೆಗೆ ಕಾಯುತ್ತಾರೋ ದೇವರಿಗೇ ಗೊತ್ತು. ಅವರಿಗೆ ಬೆಂಚಿನಿಂದ ಏಳದೆ ಓದಲು ಆಗಬೇಕು. ಬೇರೆಬೇರೆ ಎತ್ತರದ ಅಕ್ಷರಗಳಲ್ಲಿ ಕೆಲವು ಹಾಳೆ ಮಾಡಿ ಎದುರಿನ ಗಾಜಿಗೆ ಅಂಟಿಸಿ ನೋಡುವುದೆಂದು ವೇವಾ ನಿಶ್ಚಯಿಸಿದಳು. ಆದರೆ ಅದರ ಮೇಲೆ ಯಾರ ಹೆಸರು ಬರೆಯುವುದು? ಬದುಕಿರುವವರ ಹೆಸರು ಹಾಕಿದರೆ ಅಪಶಕುನ. ಸತ್ತವರ ಹೆಸರಿನಲ್ಲಿ ಆಟವಾಡಬಾರದು. ಸುಳ್ಳು ಹೆಸರು ಹಾಕಿದರೂ ಎಲ್ಲೋ ಒಬ್ಬರು ಆ ಹೆಸರಿನವರು ಇದ್ದೇ ಇರುತ್ತಾರೆ.

"ನನ್ನದೇ ಹಾಕ್ತೀನಿ" ಎಂದಳು.

"ತಲೆ ಕೆಟ್ಟಿದೆಯಾ ನಿನಗೆ? ಸಾವನ್ನ ಕೂಗಿ ಕರೀತೀಯಾ?"

"ಇನ್ನೊಬ್ಬರ ಹೆಸರು ಹಾಕೋದಕ್ಕಿಂತ ವಾಸಿ. ಬಂದ್ರೆ ನನ್ನ ಹತ್ರ ಬರ್ಲಿ, ಕೆಲಸ ಮುಗೀಲಿ ಆಮೇಲೆ ಬಾ ಅಂತ ಕಳಿಸ್ತೀನಿ."

ಉದ್ದ ಸಾಲಲೆಂದು ತನ್ನ ಹೆಸರಿಗೆ ತಂದೆಯ ಹೆಸರು, ತವರಿನ ಮನೆತನ, ಗಂಡನ ಮನೆತನ ಎಲ್ಲವನ್ನೂ ಪೋಣಿಸಿದಳು. ಬೆಳಿಗ್ಗೆ ಹೋಗಿ ನಾಲ್ಕೈದು ಹಾಳೆಗಳನ್ನು ಸಣ್ಣಕ್ಷರದಿಂದ ದೊಡ್ಡಕ್ಷರಕ್ಕೆ ಸಾಲಾಗಿ ಅಂಟಿಸಿದಳು. ಕೆಳಗೆ "ಇದು ಅಕ್ಷರದ ಪರೀಕ್ಷೆ" ಎಂದು ಬರೆದಿದ್ದಳು. ಆ ಮಾತನ್ನು ಸಣ್ಣಕ್ಷರದಲ್ಲಿ ಬರೆದದ್ದೇ ಎಡವಟ್ಟಾಯಿತು. ಅಷ್ಟರಲ್ಲಿ ಅಂಗಡಿಗೆ ಗಿರಾಕಿ ಬಂದರೆಂದು ಓಡಿಬಂದಳು. ಮುದುಕಿಯರನ್ನು ಕೇಳುವುದು ಹಿಂದೆ ಬಿತ್ತು.

ಹತ್ತು ಗಂಟೆ ಆಗುವಷ್ಟರಲ್ಲಿ ನನ್ನ ಅಂಗಡಿಯ ಮುಂದೆ ಜನ ಸೇರತೊಡಗಿದರು. ಎಲ್ಲರೂ ಸಮಸಂಖ್ಯೆಯಲ್ಲಿ ಬಿಳಿ ಸೇವಂತಿಗೆ ಕೇಳುತ್ತಿದ್ದರು. "ಯಾರಿಗೆ?" ಎಂದೆ. ಬ್ರೆಡ್ ಅಂಗಡಿಯವಳು ಬಿಕ್ಕುತ್ತ, "ಪಕ್ಕದಲ್ಲೇ ಇದ್ದುಕೊಂಡು ಗೊತ್ತಿಲ್ವಾ ನಿಂಗೆ? ವೇವಾ ಹೋಗಿಬಿಟ್ಲು. ನಿನ್ನೆ ನನ್ನ ಹತ್ರ ಚೀಸ್ ತುಂಬಿದ ಬಾನಿತ್ಸಾ ತಗೊಂಡು ಹೋಗಿದ್ಲು, ಬಿಸಿಬಿಸಿ" ಎಂದಳು.

ಅಷ್ಟರಲ್ಲಿ ವೇವಾ ಕತ್ತರಿ ಕೇಳಲೆಂದು ಹೊರಗೆ ಬಂದಳು. ಬ್ರೆಡ್ ಅಂಗಡಿಯವಳು ಕಿರಿಚಿದ್ದು ಬಂದರಿನವರೆಗೂ ಕೇಳಿಸಿರಬೇಕು. ಬೆಂಚಿನ ಮುದುಕಿಯರ ಪೈಕಿ ಎಲ್ಲರಿಗಿಂತ ಹಿರಿಯಳಾದ ವಸಿಲ್ಕಾ ಅಜ್ಜಿಗೆ ಎರಡು ಕಣ್ಣಿಗೂ ಪೊರೆ. ಅವಳೂ ಕೋಲೂರಿಕೊಂಡು ಬಂದಿದ್ದಳು. ವೇವಾ ಉಳಿದವರ ಬೈಗುಳವನ್ನು ಕಿವಿಗೆ ಹಾಕಿಕೊಳ್ಳದೆ ಆ ಅಜ್ಜಿಯ ಕೈ ಹಿಡಿದುಕೊಂಡಳು.

"ಅಜ್ಜಿ, ಯಾವ ಹಾಳೆ ಓದಿದ್ರಿ? ಎಡಗಡೆಯಿಂದ ಎಷ್ಟನೇದು?"

"ಕೊನೇದು ಕಣಮ್ಮ. ಮೊದಲಿನವೆಲ್ಲ ನೊಣ ಕೂತ ಹಾಗಿದ್ವು. ನೀನು ನಿಜವಾಗ್ಲೂ ಸತ್ತಿಲ್ವಾ?"

"ಇಲ್ಲಜ್ಜಿ. ಬೆಂಚಿಂದ ಎದ್ದು ಹತ್ರ ಹೋಗಿ ಓದಿದ್ರಾ, ಕೂತಲ್ಲಿಂದಲೇ ಓದಿದ್ರಾ?"

"ಕೂತಲ್ಲಿಂದಲೇ. ಇಂಥ ಮಂಡಿ ಇಟ್ಕೊಂಡು ಸುಮ್‌ಸುಮ್ನೆ ಏಳ್ತಾರಾ ಯಾರಾದ್ರೂ?"

ವೇವಾಳ ಮುಖ ಅರಳಿತು. ಕೊನೆಯ ಹಾಳೆಯ ಎತ್ತರವನ್ನು ಆ ಕ್ಷಣವೇ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು. ಕೊಂಡ ಹೂವನ್ನು ಯಾರೂ ವಾಪಸ್ ಕೊಡಲಿಲ್ಲ, ಬಂದದ್ದು ಬಂದಾಯಿತೆಂದು ಅವಳ ಬಾಗಿಲಲ್ಲೇ ಇಟ್ಟುಹೋದರು. ಮಧ್ಯಾಹ್ನ ಗೆತ್ಸೊನ ಫೋನ್ ಬಂತು. ಯಾರೋ ಪುಣ್ಯಾತ್ಮರು ಸಂತಾಪ ಹೇಳಿಬಿಟ್ಟಿದ್ದರು. ಅವನು ಸೆರ್ಬಿಯಾದ ಯಾವುದೋ ಬಂದರಿನಲ್ಲಿ ದೋಣಿಯಿಂದ ಇಳಿದು, ಮಂಡಿಯೂರಿ ಕೂತು ಅತ್ತನಂತೆ. ಹೆಂಡತಿಯ ದನಿ ಕೇಳಿ ಇನ್ನಷ್ಟು ಅತ್ತ. ಆಮೇಲೆ ಬೈದ. ಆ ಬೈಗುಳ ನನ್ನಂಗಡಿಗೂ ಕೇಳಿಸುತ್ತಿತ್ತು.

"ಬೈದು ಮುಗೀತಾ?" ಎಂದಳು ವೇವಾ. "ಊಟ ಮಾಡು ಹೋಗು. ನನಗೆ ಅಳತೆ ಸಿಕ್ತು."

ಅಂದಿನಿಂದ ಅವಳ ಪ್ರೋಗ್ರಾಮಿನಲ್ಲಿ ಹೊಸ ಕಟ್ಟಳೆ ಬಂತು. ಹೆಸರು ವಸಿಲ್ಕಾ ಅಜ್ಜಿಯ ಅಳತೆಗಿಂತ ಒಂದು ಕೂದಲೆಳೆಯೂ ಇಳಿಯಬಾರದು. ಜಾಗ ಸಾಲದಿದ್ದರೆ ಮೊದಲು ಸಾಲು ಮುರಿಯಬೇಕು. ಆಗಲೂ ಸಾಲದಿದ್ದರೆ ಫೋಟೋ ಸಣ್ಣದಾಗಬೇಕು. ಆಗಲೂ ಸಾಲದಿದ್ದರೆ ಕೆಳಗಿನ ಪದ್ಯ ಹೋಗಬೇಕು. ಹೆಸರಿನ ತಂಟೆಗೆ ಮಾತ್ರ ಹೋಗುವಂತಿಲ್ಲ.

ಕಟ್ಟಳೆ ಮಾಡುವುದೇನೋ ಸುಲಭ, ಅದನ್ನು ಗಿರಾಕಿಗಳ ಮುಂದೆ ಕಾಪಾಡಿಕೊಳ್ಳಬೇಕಲ್ಲ. ಪೆಟ್ರೋಲ್ ಬಂಕಿನ ಬೊಯ್ಚೊನ ತಂದೆ ತೀರಿಕೊಂಡಿದ್ದ. ಬೊಯ್ಚೊ ಬಂದವನೇ ಎರಡು ಚರಣದ ಪದ್ಯ, ಮಕ್ಕಳು ಮೊಮ್ಮಕ್ಕಳು ಅಳಿಯಂದಿರು ಸೋದರಳಿಯಂದಿರು ಎಲ್ಲರ ಹೆಸರು, ಹಿನ್ನೆಲೆಯಲ್ಲಿ ಸೂರ್ಯಾಸ್ತ ಬೇಕೆಂದ. ತಂದೆಗೂ ಉದ್ದನೆಯ ಹೆಸರೇ ಇತ್ತು. ವೇವಾ ಅವನೆದುರಿಗೇ ಹಾಕಿ ತೋರಿಸಿದಳು. ಪ್ರೋಗ್ರಾಂ ಪದ್ಯವನ್ನು ಹೊರಗೆಸೆಯಿತು.

"ಪದ್ಯ ಎಲ್ಲಿ?"

"ಜಾಗ ಇಲ್ಲ ಬೊಯ್ಚೊ. ಪದ್ಯಕ್ಕೆ ಬೇರೆ ಹಾಳೆ ಮಾಡ್ಕೊಡ್ತೀನಿ, ಮನೇಲಿ ಇಟ್ಕೊ. ಬೀದೀಲಿ ನಿಮ್ಮಪ್ಪನ ಹೆಸರು ಕಾಣಬೇಕು."

"ಹೆಸರು ಸ್ವಲ್ಪ ಸಣ್ಣದು ಮಾಡು, ಎಲ್ಲ ಹಿಡಿಸುತ್ತೆ."

"ಸಣ್ಣದು ಮಾಡಲ್ಲ."

"ಹಾಳೆ ನನ್ನದು, ಅಪ್ಪ ನನ್ನೋನು!"

"ಹೌದು. ನಿನ್ನ ಅಳಿಯಂದಿರಿಗೆ ತಾವು ಅಳಿಯಂದಿರು ಅನ್ನೋದು ಗೊತ್ತಿದೆ, ಅವರು ಗೋಡೆ ನೋಡಿ ತಿಳ್ಕೋಬೇಕಾಗಿಲ್ಲ. ನಿಮ್ಮಪ್ಪನ ಜೊತೆ ಪಗಡೆ ಆಡ್ತಿದ್ದ ಮುದುಕರಿಗೆ ಗೊತ್ತಾಗಬೇಕು. ಅವರ ಕಣ್ಣು ಮಂಜು."

ಬೊಯ್ಚೊ ಫೋಟೋ ಕಿತ್ತುಕೊಂಡು ಹೋದ. ಬೇರೆ ಊರಿನಲ್ಲಿ ಬಣ್ಣದ ಹಾಳೆ ಮಾಡಿಸಿದ. ಅದರಲ್ಲಿ ಸೂರ್ಯಾಸ್ತವೇನೋ ಚೆನ್ನಾಗಿತ್ತು. ಅವನನ್ನು ನೋಡಿ ಇನ್ನೂ ಕೆಲವರು ಅಲ್ಲಿಗೇ ಹೋದರು. ವೇವಾಳ ಅಂಗಡಿಯಲ್ಲಿ ಇಡೀ ಬೆಳಿಗ್ಗೆ ಪ್ರಿಂಟರಿನ ಸದ್ದಿಲ್ಲದ ದಿನಗಳು ಬಂದವು.

"ಸ್ವಲ್ಪ ಬಗ್ಗಬಾರ್ದಾ ವೇವಾ? ಒಂದು ಕಡ್ಡಿಯಷ್ಟು ಸಣ್ಣದು ಮಾಡಿದ್ರೆ ಯಾರಿಗೆ ಗೊತ್ತಾಗುತ್ತೆ?" ಎಂದು ನಾನೇ ಕೇಳಿದ್ದುಂಟು.

"ಇವತ್ತು ಒಂದು ಕಡ್ಡಿ. ನಾಳೆ ಇನ್ನೊಬ್ಬರಿಗೆ ಇನ್ನೊಂದು ಕಡ್ಡಿ. ಆ ಯಂತ್ರಕ್ಕೆ ನಾಚಿಕೆ ಅನ್ನೋದಿಲ್ಲ ಕಣೇ, ಬಿಟ್ರೆ ಕುಗ್ಗಿಸ್ತಾನೇ ಹೋಗುತ್ತೆ. ಬೇಡ ಅನ್ನೋಕೆ ಯಾರಾದ್ರೂ ಇರ್ಲೇಬೇಕು" ಎಂದು ಅವಳು ನನ್ನ ಮುಖ ನೋಡದೆ ಕೆಲಸ ಮುಂದುವರಿಸಿದಳು.

ಅಲೆಕ್ಸಾಂದ್ರಿನಾಳ ನಲವತ್ತನೆಯ ದಿನಕ್ಕೆ ಮುಂಚೆ ವೇವಾ ಯಾರೂ ಕೇಳದೆಯೇ ಹಾಳೆ ಮಾಡಿದಳು. ಮೊದಲ ಸಾಲಿನಲ್ಲಿ ಅಲೆಕ್ಸಾಂದ್ರಿನಾ ಎಂಬುದೊಂದೇ, ಅಂಚಿನಿಂದ ಅಂಚಿಗೆ. ಕೆಳಗಿನ ಎರಡು ಸಾಲುಗಳಲ್ಲಿ ಉಳಿದವು. ಪ್ರಾರ್ಥನೆಯ ದಿನ, ಹೊತ್ತು. ಫೋಟೋ ಮೂಲೆಯಲ್ಲಿ ಅಂಚೆಚೀಟಿಯಷ್ಟು. ತಾನೇ ಅಂಟು ಹಿಡಿದುಕೊಂಡು ಹೋಗಿ ಆಸ್ಪತ್ರೆಯ ಗೇಟಿಗೆ, ಬಸ್ ನಿಲ್ದಾಣಕ್ಕೆ, ಮೀನಿನ ಸಂತೆಗೆ, ಬಂದರಿನ ಗೋಡೆಗೆ ಅಂಟಿಸಿಬಂದಳು.

ಶನಿವಾರ ಚರ್ಚಿನ ಅಂಗಳದಲ್ಲಿ ದೆಸ್ಪೀನಾ ಸಕ್ಕರೆ ಹಾಕಿ ಬೇಯಿಸಿದ ಗೋಧಿಯ ಪಾತ್ರೆಯೊಂದನ್ನು ಬಂದವರಿಗೆ ಹಂಚಲೆಂದು ಇಟ್ಟುಕೊಂಡು ಒಬ್ಬಳೇ ನಿಂತಿದ್ದಳು. ಮೊದಲು ಮೀನಿನವಳು ಬಂದಳು. ಬಂದವಳೇ ಅವಳನ್ನು ತಬ್ಬಿಕೊಂಡು, "ಕಾಲುನೋವು ಕೇಳಿದ್ನಲ್ಲೇ ನಾನು, ನನ್ನ ನಾಲಿಗೆ ಸೀಯ" ಎಂದು ಗೊಳೋ ಎಂದಳು. ಆಮೇಲೆ ಆಸ್ಪತ್ರೆಯ ಹಳಬರು ಬಂದರು. ಬಂದರಿನ ಗಂಡಸರು ಟೋಪಿ ಕೈಯಲ್ಲಿ ಹಿಡಿದುಕೊಂಡು ಬಂದರು. ಟ್ರ್ಯಾಕ್ಟರ್ ಓಡಿಸುವ ಭಾರಿ ಆಳೊಬ್ಬ, ಚಿಕ್ಕವನಿದ್ದಾಗ ಸೂಜಿಗೆ ಹೆದರಿ ಅವಳ ಕೈ ಕಚ್ಚಿದ್ದೆನೆಂದು ಹೇಳಿಕೊಂಡು ಕಣ್ಣೊರೆಸಿಕೊಂಡ. ಮುದುಕನೊಬ್ಬ, "ಅವಳು ಹೋದ ವರ್ಷವೇ ಹೋದ್ಲು ಅಂದ್ಕೊಂಡು ನಾನು ಆಗಲೇ ಅವಳ ಹೆಸರಲ್ಲಿ ಒಂದು ಲೋಟ ರಕಿಯಾ ಹೆಂಡ ನೆಲಕ್ಕೆ ಚೆಲ್ಲಿದ್ದೆ. ಹೋಗ್ಲಿ, ಇನ್ನೊಂದು ಚೆಲ್ತೀನಿ" ಎಂದ. ಬಸ್ ನಿಲ್ದಾಣದ ಬೆಂಚು ಆ ದಿನ ಖಾಲಿ. ಅಂಗಳ ತುಂಬಿತ್ತು. ಗೋಧಿ ಸಾಲದೆ ದೆಸ್ಪೀನಾ ನನ್ನನ್ನು ಬ್ರೆಡ್ ಅಂಗಡಿಗೆ ಓಡಿಸಿದಳು.

ಎಲ್ಲ ಮುಗಿದ ಮೇಲೆ ಅವಳು ವೇವಾಳ ಹತ್ತಿರ ಬಂದಳು. ಏನಾದರೂ ಒಳ್ಳೆಯ ಮಾತಾಡುತ್ತಾಳೆಂದು ನಾನು ಕಾದೆ.

"ಫೋಟೋ ಯಾಕೆ ಅಷ್ಟು ಚಿಕ್ಕದಾಯ್ತು?"

"ಹೆಸರಿಗೆ ಜಾಗ ಬೇಕಿತ್ತು ಅಕ್ಕ."

"ಅವಳು ನೋಡೋಕೆ ಚೆನ್ನಾಗಿದ್ಲು. ಆರು ತಿಂಗಳ ಹಾಳೇಲಿ ಎರಡೂ ದೊಡ್ಡದಿರ್ಲಿ."

"ಆ ಕಾಗದದಲ್ಲಿ ಎರಡೂ ದೊಡ್ಡದು ಮಾಡೋಕಾಗಲ್ಲ."

"ಹಾಗಾದ್ರೆ ದೊಡ್ಡ ಕಾಗದ ತರ್ಸು" ಎಂದು ದೆಸ್ಪೀನಾ ಉಳಿದ ಗೋಧಿಯ ಪಾತ್ರೆಯನ್ನು ಅವಳ ಕೈಗೆ ಕೊಟ್ಟು ಹೋದಳು. ವೇವಾ ದೊಡ್ಡ ಕಾಗದ ತರಿಸಿದಳು. ಅದಕ್ಕೆ ಪ್ರೋಗ್ರಾಮಿನಲ್ಲಿ ಏನನ್ನೂ ಬದಲಾಯಿಸಬೇಕಾಗಲಿಲ್ಲ. ಕಾಗದದ ಅಳತೆ ಹೇಳಿದರೆ ಸಾಕು, ಹೆಸರು ಹೆಸರಿನ ಎತ್ತರದಲ್ಲೇ ಉಳಿದು ಮಿಕ್ಕ ಜಾಗ ಫೋಟೋಗೆ ಹೋಯಿತು. ಆ ಬೆಳಿಗ್ಗೆ ಅವಳು ಮಿಠಾಯಿ ತಂದು ನನಗೂ ಕೊಟ್ಟಳು.

ಬಿಟ್ಟುಹೋದವರಲ್ಲಿ ಹೆಚ್ಚಿನವರು ಒಬ್ಬೊಬ್ಬರಾಗಿ ವಾಪಸ್ ಬಂದರು. ಬೊಯ್ಚೊ ಬರಲಿಲ್ಲ. ಇವತ್ತಿಗೂ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಾನೆ. ಗೆತ್ಸೊ ಈಗ ದೋಣಿ ಬಿಟ್ಟು ಮನೆಯಲ್ಲಿದ್ದಾನೆ. ಅಂಟು ಮೆತ್ತುವ ಕೆಲಸ ಅವನದು.

ವೇವಾಳಿಗೆ ಅರವತ್ತು ದಾಟಿದೆ. ಹೋದ ತಿಂಗಳು ಬಸ್ಸಿನವರು ಬಂದು ತಮ್ಮ ವೇಳಾಪಟ್ಟಿಯನ್ನೂ ಅವಳೇ ಮಾಡಿಕೊಡಬೇಕೆಂದು ಕೇಳಿಕೊಂಡರು. ಎಲ್ಲ ಹಳ್ಳಿಗಳೂ, ಎಲ್ಲ ಹೊತ್ತುಗಳೂ, ರಜೆಯ ದಿನಗಳೂ, ಟಿಕೆಟಿನ ದರವೂ ಒಂದೇ ಹಾಳೆಯಲ್ಲಿ ಬರಬೇಕಂತೆ. ಅವರ ಮೇಲಧಿಕಾರಿ ಕೈಕಟ್ಟಿಕೊಂಡು ನಿಂತು, ಅಕ್ಷರ ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ ಎಂದ. ವೇವಾ ಅವನಿಗೊಂದು ಕುರ್ಚಿ ಎಳೆದುಕೊಟ್ಟಳು.

"ಕೂತ್ಕೊಳ್ಳಿ ಸಾರ್" ಎಂದಳು. "ಯಾವುದನ್ನ ತೆಗೀಬೇಕು ಅಂತ ಮಾತಾಡೋಣ."